ಮೂಗು ಮುರಿಯದವಳು

ಅವಳಿಗೆ ಮೂಗಮ್ಮ ಎಂದು ಹೆಸರು ಬಿದ್ದದ್ದು ಸೊಪ್ಪಿನ ಶೆಡ್ಡಿನಲ್ಲಿ. ಹೊಸದಾಗಿ ಕೆಲಸಕ್ಕೆ ಬಂದವರು ಆ ಹೆಸರು ಕೇಳಿ, ಪಾಪ ಮಾತು ಬರುವುದಿಲ್ಲವೇನೋ ಎಂದುಕೊಂಡು ಅವಳೊಡನೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಅವಳೂ ಸ್ವಲ್ಪ ಹೊತ್ತು ಗೋಣು ಅಲ್ಲಾಡಿಸಿ ಮಜಾ ತೆಗೆದುಕೊಂಡು ಆಮೇಲೆ ಬಾಯಿ ಬಿಡುತ್ತಿದ್ದಳು. ಅವಳು ಬಾಯಿ ಬಿಟ್ಟ ಮೇಲೆ ಸನ್ನೆ ಮಾಡಿದವರೇ ಮೂಗರಾಗಬೇಕು, ಅಂಥ ಬಾಯಿ. ಹೆಸರು ಬಂದದ್ದು ಮೂಗತನದಿಂದಲ್ಲ, ಮೂಗಿನಿಂದ.

ಶೆಡ್ಡೆಂದರೆ ನಿಂಬೆಯ ಪರಿಮಳದ ಮಜ್ಜಿಗೆಹುಲ್ಲನ್ನು ಒಣಗಿಸಿ, ಕತ್ತರಿಸಿ, ಬಿಸಿನೀರಿಗೆ ಹಾಕಿಕೊಂಡು ಕುಡಿಯಲೆಂದು ಕಾಗದದ ಪೊಟ್ಟಣಗಳಲ್ಲಿ ತುಂಬಿ ಕಳಿಸುವ ಜಾಗ. ತಗಡಿನ ಮಾಡು, ಒಂದು ಗೋಡೆಗೆ ಬಲೆ ಬಿಗಿದ ಒಣಗಿಸುವ ತಟ್ಟೆಗಳು, ಇನ್ನೊಂದಕ್ಕೆ ಕತ್ತರಿಸುವ ಯಂತ್ರ, ಬಾಗಿಲ ಪಕ್ಕ ತಕ್ಕಡಿ. ತಕ್ಕಡಿಯ ಪಕ್ಕದ ಮರದ ಸ್ಟೂಲು ಅವಳ ಸಿಂಹಾಸನ. ಒಣಗಿದ ಹುಲ್ಲಿನ ಪ್ರತಿಯೊಂದು ಮೂಟೆಯೂ ಅವಳ ಮುಂದೆ ಬಾಯಿ ಬಿಚ್ಚಿ ನಿಲ್ಲಬೇಕು. ಅವಳು ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿಯುವಳು. ‘ಹಾಕು’ ಎಂದರೆ ಒಳಗೆ, ‘ತೆಗಿ’ ಎಂದರೆ ಹೊರಗೆ. ಸರಿಯಾಗಿ ಒಣಗದ ಹುಲ್ಲಿಗೆ ಮೂಟೆಯ ಹೊಟ್ಟೆಯಲ್ಲೇ ಬೂಷ್ಟು ಹಿಡಿಯುತ್ತದೆ. ಅದು ಕಣ್ಣಿಗೆ ಬೀಳುವ ಎರಡು ದಿನ ಮೊದಲೇ ಆ ಮುಗ್ಗಲು ವಾಸನೆ ಅವಳಿಗೆ ಸಿಕ್ಕಿರುತ್ತಿತ್ತು. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು, ಈ ಮೂಗು ಕೆಟ್ಟರೆ ಶೆಡ್ಡು ಮುಚ್ಚಬೇಕು ಎಂದು ಯಜಮಾನ ಬಂದವರಿಗೆಲ್ಲ ಹೇಳುತ್ತಿದ್ದ. ತಮಾಷೆಗೇ ಹೇಳುತ್ತಿದ್ದ. ಕೆಲವು ತಮಾಷೆಗಳನ್ನು ಆಡಿದವನು ಮರೆಯುತ್ತಾನೆ, ಕೇಳಿದವರು ಮರೆಯುವುದಿಲ್ಲ.

ಮನೆಯಲ್ಲೂ ಅದೇ ಹುಲ್ಲು. ಸಾಲುಮನೆಗಳ ಕೊನೆಯ ಮನೆ ಅವರದು. ಬಚ್ಚಲ ನೀರು ಹರಿದುಹೋಗುವ ಹಿತ್ತಲ ಪಟ್ಟಿಯಲ್ಲಿ ಹನ್ನೊಂದು ಬುಡಗಳಿದ್ದವು. ಮೊದಲನೆಯದು ಶೆಡ್ಡಿಗೆ ಬಂದ ಹಸಿ ಕಟ್ಟಿನಲ್ಲಿ ಬೇರು ಉಳಿಸಿಕೊಂಡಿದ್ದ ಒಂದೇ ಒಂದು ದಂಟು. ಬುತ್ತಿ ಡಬ್ಬಿಯಲ್ಲಿ ಅಡಗಿಸಿ ತಂದದ್ದು. ಲೋಟದ ನೀರಿನಲ್ಲಿಟ್ಟು ಬೇರು ಬಿಡಿಸಿ ಮಣ್ಣಿಗಿಟ್ಟಳು. ವರ್ಷದಲ್ಲಿ ಅದು ಎರಡು ತೋಳಿಗೂ ಸಿಗದಷ್ಟು ಹಬ್ಬಿತು. ಬುಡ ಒತ್ತೊತ್ತಾಗಿ ನಡುವೆ ಒಣಗತೊಡಗಿದಾಗ ಗುದ್ದಲಿಯಿಂದ ಸೀಳಿ ಎರಡು ಮಾಡಿದಳು, ಎರಡು ನಾಲ್ಕಾಯಿತು. ನೆರೆಯ ಹೆಂಗಸರು ಒಂದು ಬುಡ ಕೇಳಿದರೆ ಧಾರಾಳವಾಗಿ ಕೊಡುತ್ತಿದ್ದಳು, ಜೊತೆಗೆ ಅರ್ಧ ಗಂಟೆ ಪಾಠವನ್ನೂ ಕೊಡುತ್ತಿದ್ದಳು. ಕೊಯ್ಯುವಾಗ ನೆಲದಿಂದ ನಾಲ್ಕು ಬೆರಳು ಬಿಡಬೇಕು. ಎಲೆಯನ್ನು ಬುಡದಿಂದ ತುದಿಗೆ ಸವರಿದರೆ ರೇಷ್ಮೆ, ತುದಿಯಿಂದ ಬುಡಕ್ಕೆ ಸವರಿದರೆ ಗರಗಸ. ನೀರು ನಿಂತರೆ ಬುಡ ಕೊಳೆಯುತ್ತದೆ, ಆದರೆ ಮೇಲಿನ ಎಲೆ ಎಷ್ಟೋ ದಿನ ಹಸಿರಾಗಿಯೇ ಇರುತ್ತದೆ. ಅದಕ್ಕೇ ಬರೀ ಕಣ್ಣನ್ನು ನಂಬಬಾರದು, ವಾರಕ್ಕೊಮ್ಮೆ ಬಗ್ಗಿ ಬುಡ ಮೂಸಿ ನೋಡಬೇಕು. ಇದೆಲ್ಲ ಅವಳೇ ಹೇಳಿಕೊಟ್ಟ ಮಾತು.

ಬಿಳಿ ದಂಟನ್ನು ಜಜ್ಜಿ ಮೀನು ಬೇಯುವ ಪಾತ್ರೆಗೆ, ಎರಡು ಎಲೆಯನ್ನು ಗಂಟು ಕಟ್ಟಿ ಅನ್ನದ ನೀರಿಗೆ, ಉಳಿದದ್ದು ಕಷಾಯಕ್ಕೆ. ನೀರು ಕುದಿದ ಮೇಲೆ ಒಲೆ ಆರಿಸಿ, ಹುಲ್ಲು ಹಾಕಿ ಮುಚ್ಚಬೇಕು. ಹುಲ್ಲು ಹಾಕಿ ಕುದಿಸುತ್ತಾ ನಿಂತರೆ ಪರಿಮಳ ಪಕ್ಕದ ಮನೆಗೆ, ಕಹಿ ನಮ್ಮ ಮನೆಗೆ. ಹೊಟ್ಟೆ ಉಬ್ಬರಕ್ಕೆ, ನಿದ್ದೆ ಬಾರದ್ದಕ್ಕೆ, ಗಂಡನ ಮೇಲಿನ ಸಿಟ್ಟಿಗೆ ಬೀದಿಯವರೆಲ್ಲ ಅವಳ ಕಷಾಯ ಕುಡಿದವರೇ. ಹಿತ್ತಲ ಗಿಡ ಮದ್ದಲ್ಲ ಎಂದು ಯಾರಾದರೂ ಕೊಂಕು ತೆಗೆದರೆ, ಆ ಗಾದೆ ಮಾಡಿದವನ ಹಿತ್ತಲಲ್ಲಿ ಏನೂ ಬೆಳೆಯುತ್ತಿರಲಿಲ್ಲ ಎನ್ನುತ್ತಿದ್ದಳು.

ಗಂಡ ಸಿಟಿ ಬಸ್ಸಿನ ಡ್ರೈವರಾಗಿದ್ದವನು. ಇಪ್ಪತ್ತೆಂಟು ವರ್ಷ ಊರಿನ ಜನವನ್ನೆಲ್ಲ ಹೊತ್ತು ತಿರುಗಿ, ಕೊನೆಗೆ ಸಕ್ಕರೆ ಕಾಯಿಲೆ ಹಿಡಿದು ಮನೆಯ ಕುರ್ಚಿಗೆ ಬಂದು ಕೂತ. ಮೊದಲು ಕಣ್ಣು ಮಂಜಾಯಿತು, ಆಮೇಲೆ ಪಾದ ಜೋಮು ಹಿಡಿಯಿತು. ಚಪ್ಪಲಿ ಕಳಚಿ ಬಾಗಿಲಲ್ಲೇ ಉಳಿದರೂ ಗೊತ್ತಾಗದೆ ಬರಿಗಾಲಲ್ಲಿ ಒಳಗೆ ಬರುತ್ತಿದ್ದ. ಪಾದಕ್ಕೆ ನೋವು ಗೊತ್ತಾಗದವನ ಪಾದವನ್ನು ಮನೆಯವರು ದಿನವೂ ನೋಡಬೇಕು ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳು. ಮೂಗಮ್ಮ ಅದನ್ನು ಶಿರಸಾವಹಿಸಿ ಪಾಲಿಸಿದಳು. ಸಂಜೆ ಶೆಡ್ಡಿನಿಂದ ಬಂದವಳೇ ಬೋಗುಣಿಯಲ್ಲಿ ಬೆಚ್ಚನೆಯ ಹುಲ್ಲಿನ ನೀರು ಮಾಡಿ, ಅವನ ಕಾಲು ನೆನೆಸಿ, ಒಂದೊಂದೇ ಪಾದವನ್ನು ಮಡಿಲಿಗೆ ತೆಗೆದುಕೊಂಡು ಬೆರಳ ಸಂದಿಯನ್ನೆಲ್ಲ ಒರೆಸುವಳು. ಕಾಲು ನೆನೆಸಿ ಎಂದು ನರ್ಸು ಹೇಳಿರಲಿಲ್ಲ. ಅದು ಇವಳದೇ ಸೇರ್ಪಡೆ. ಒರೆಸಿದ ಮೇಲೆ ಬಗ್ಗಿ ಮೂಸಿಯೂ ನೋಡುವಳು. ಹಿಂದೊಮ್ಮೆ ಹೀಗೆ ಮೂಸಿಯೇ ಹೆಬ್ಬೆರಳ ಉಗುರಿನಡಿ ಕೀವು ಕಟ್ಟುತ್ತಿದ್ದುದನ್ನು ಹಿಡಿದಿದ್ದಳು. ಕಣ್ಣಿಗೆ ಏನೂ ಕಾಣುವ ಮುಂಚೆಯೇ ಕರೆತಂದಿರಿ ಎಂದು ನರ್ಸು ಹೊಗಳಿದ್ದಳು. ಗಂಡ ಆ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಆಸ್ಪತ್ರೆಯ ಯಂತ್ರಕ್ಕೆ ತಿಳಿಯದ್ದು ನನ್ನ ಹೆಂಡತಿಯ ಮೂಗಿಗೆ ತಿಳಿಯುತ್ತದೆ ಎನ್ನುವುದು ಅವನ ಹೆಮ್ಮೆ.

ಚಳಿ ಹಿಂದೆ ಸರಿಯುವ ಹೊತ್ತಿಗೆ ಅವಳಿಗೆ ಒಂದು ಜ್ವರ ಬಂತು. ನಾಲ್ಕು ದಿನ ಮಲಗಿಸಿ ಐದನೆಯ ದಿನ ಬಿಟ್ಟಿತು. ಎದ್ದವಳು ಹಿತ್ತಲಿಗೆ ಹೋಗಿ ಅಭ್ಯಾಸಬಲದಿಂದ ಒಂದು ಎಲೆ ಕಿತ್ತು, ಹಿಸುಕಿ, ಮೂಗಿಗೆ ಹಿಡಿದಳು. ಏನೂ ಇಲ್ಲ. ಕಾಗದದ ಚೂರು ಮೂಸಿದಂತಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟೇ, ಸರಿಹೋಗುತ್ತದೆ ಎಂದುಕೊಂಡಳು. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಹಸಿ ಮೀನು ಮೂಸಿದಳು. ಕರಿದ ಎಣ್ಣೆ ಮೂಸಿದಳು. ಸೀಮೆಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದರೆ ಕಣ್ಣು ಉರಿಯಿತು, ಅಷ್ಟೇ. ಒಂದು ವಾರವಾಯಿತು, ಮೂರು ವಾರವಾಯಿತು. ಅವಳಿಗೆ ಹೆದರಿಕೆ ಹುಟ್ಟಿತು. ಬಾಯಿತುಂಬ ಮಾತಾಡುವ ಹೆಂಗಸು ಈ ಒಂದು ವಿಷಯದಲ್ಲಿ ನಿಜವಾಗಿಯೂ ಮೂಗಿಯಾದಳು.

ಯಾಕೆ ಹೇಳಲಿಲ್ಲ ಎಂದು ಈಗ ಎಲ್ಲರೂ ಕೇಳಬಹುದು. ದಡದಲ್ಲಿ ನಿಂತವರಿಗೆ ಈಜು ಸುಲಭ. ಹಿಂದಿನ ವರ್ಷ ಕತ್ತರಿಸುವ ಯಂತ್ರಕ್ಕೆ ಎರಡು ಬೆರಳು ಕೊಟ್ಟವನನ್ನು ಯಜಮಾನ ಬಹಳ ಮರ್ಯಾದೆಯಿಂದ ಮನೆಗೆ ಕಳಿಸಿದ್ದ. ಮರ್ಯಾದೆಯಿಂದ ಕಳಿಸಿದರೂ ಕಳಿಸಿದ್ದು ಮನೆಗೇ. ಗಂಡನ ಇಂಜೆಕ್ಷನ್ನು ಅವಳ ಸಂಬಳದಲ್ಲೇ ಬರಬೇಕು. ಗಂಡನಿಗೆ ಹೇಳಿದರೆ ಅವನು ಮಗಳಿಗೆ ಹೇಳುತ್ತಾನೆ, ಮಗಳು ಕೆಲಸ ಬಿಡು ಎನ್ನುತ್ತಾಳೆ. ಇದೆಲ್ಲ ನಿಜವಾದ ಕಾರಣಗಳೇ. ಇದರ ಕೆಳಗೆ ಇನ್ನೊಂದು ಕಾರಣವಿತ್ತು: ಮೂಗು ಹೋದ ಮೇಲೆ ಮೂಗಮ್ಮನಲ್ಲಿ ಉಳಿಯುವುದೇನು ಎಂದು ಅವಳಿಗೇ ಗೊತ್ತಿರಲಿಲ್ಲ.

ಶೆಡ್ಡಿನಲ್ಲಿ ಅವಳು ಕೈಯಿಂದ ಮೂಸುವುದನ್ನು ಕಲಿತಳು. ಮೂಟೆಯ ಹೊಟ್ಟೆಗೆ ಕೈ ಹಾಕಿದಾಗ ಒಳಗೆ ಬೆಚ್ಚಗಿದ್ದರೆ ಒಣಗಿಲ್ಲವೆಂದು ಅರ್ಥ. ಎಲೆಯನ್ನು ಮಡಚಿದರೆ ಪಟ್ಟೆಂದು ಮುರಿಯಬೇಕು, ಬಾಗಿದರೆ ಹಸಿ. ಮೂಟೆಯ ಬಾಯಿ ಬಿಚ್ಚುವವನ ಮುಖವನ್ನು ಓರೆಗಣ್ಣಿನಲ್ಲಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಆಮೇಲೆ ಹಿಡಿ ಹುಲ್ಲು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಮೊದಲಿನಷ್ಟೇ ಗತ್ತಿನಿಂದ ‘ಹಾಕು’ ಎನ್ನುವಳು. ಒಮ್ಮೆ ಹಸಿ ಕಟ್ಟುಗಳ ನಡುವೆ ಸೊಳ್ಳೆಹುಲ್ಲಿನ ಕಟ್ಟುಗಳು ಸೇರಿ ಬಂದವು. ಅದು ನೋಡಲು ಥೇಟ್ ಮಜ್ಜಿಗೆಹುಲ್ಲೇ, ಆದರೆ ಸೊಳ್ಳೆ ಓಡಿಸುವುದಕ್ಕಷ್ಟೇ ಲಾಯಕ್ಕು. ಅದರ ಬುಡ ಕೆಂಪಗಿರುತ್ತದೆ, ಆ ಶೆಡ್ಡಿಗೆ ಬರುವ ಹುಲ್ಲಿನದು ಬೆಳ್ಳಗೆ. ಕೆಂಪು ಕಂಡು ಅವಳು ಸ್ಟೂಲಿನ ಮೇಲಿಂದಲೇ ‘ತೆಗಿ’ ಎಂದಳು. ಅಷ್ಟು ದೂರದಿಂದ ಮೂಸಿಬಿಟ್ಟಳಲ್ಲ ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಅಂದಿನಿಂದ ಅವಳ ಕೀರ್ತಿ ಇನ್ನೂ ಹೆಚ್ಚಿತು. ಸುಳ್ಳು ಹೇಳುವವರಿಗೆ ಇಂಥ ಅದೃಷ್ಟ ಬರಬಾರದು, ಬಂದರೆ ಧೈರ್ಯ ಬರುತ್ತದೆ.

ಮನೆಯಲ್ಲಿ ಅಷ್ಟೂ ಉಪಾಯ ಬೇಕಾಗಲಿಲ್ಲ. ಸಂಜೆಯ ಬೋಗುಣಿ, ಹುಲ್ಲಿನ ನೀರು, ಮಡಿಲಲ್ಲಿ ಗಂಡನ ಪಾದ, ಕೊನೆಗೆ ಬಗ್ಗಿ ಮೂಸುವುದು. ಮೂಸುವುದನ್ನು ಬಿಟ್ಟರೆ ಯಾಕೆ ಎಂದು ಕೇಳುತ್ತಾನೆ. ಹಾಗಾಗಿ ಮೂಸುತ್ತಿದ್ದಳು, ‘ಚೆನ್ನಾಗಿದೆ’ ಎನ್ನುತ್ತಿದ್ದಳು.

ಬ್ರೇಕು ಒತ್ತಿ ಒತ್ತಿ ಅವನ ಬಲಪಾದದ ಹೆಬ್ಬೆರಳ ಬುಡದಲ್ಲಿ ಒಂದು ದಪ್ಪ ಆಣಿ ಕಟ್ಟಿತ್ತು. ಮದುವೆಯಾದಾಗಿನಿಂದ ನೋಡಿದ ಆಣಿ. ಬೇಸಿಗೆ ಮುಗಿಯುವಾಗ ಅದರ ನಡುವೆ ಸಾಸಿವೆಯಷ್ಟು ಒಂದು ಕರಿ ಚುಕ್ಕೆ ಕಂಡಿತು. ಡಾಂಬರಿರಬೇಕು ಎಂದು ಉಜ್ಜಿದಳು, ಹೋಗಲಿಲ್ಲ. ಬಚ್ಚಲ ಮನೆಯ ಸಣ್ಣ ಬಲ್ಬಿನ ಬೆಳಕಲ್ಲಿ ಅಷ್ಟೇ ಕಂಡದ್ದು. ಪಾದ ಎತ್ತಿದ ಮೇಲೆ ನೀರು ಕೊಂಚ ಕಂದಾಗಿರುತ್ತಿತ್ತು, ಹುಲ್ಲಿನ ನೀರು ಹೇಗೂ ಅದೇ ಬಣ್ಣ. ಗಂಡ ಮಾತ್ರ ಆ ದಿನಗಳಲ್ಲಿ ಅವಳು ಬಗ್ಗಿ ಮೂಸುವಾಗ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ. ಕಣ್ಣು ಮಂಜಾದವರು ಹಾಗೆ ದಿಟ್ಟಿಸುವುದುಂಟು ಎಂದು ಅವಳು ಏನೂ ಕೇಳಲಿಲ್ಲ.

ಆಮೇಲೆ ಅವನು ಸೆಖೆಯಲ್ಲೂ ಕಾಲುಚೀಲ ಹಾಕತೊಡಗಿದ. ಕಾಲು ಚಳಿ ಎನ್ನುತ್ತಿದ್ದ. ಒಂದು ಸಂಜೆ ಚೀಲ ಎಳೆದರೆ ಒಳಗಿನಿಂದ ಮಜ್ಜಿಗೆಹುಲ್ಲಿನ ಎಲೆಗಳು ಉದುರಿದವು. ಹಿತ್ತಲಿಗೆ ಗೋಡೆ ಹಿಡಿದು ಹೋಗಿ, ತಡವಿ ಕಿತ್ತು, ಮಡಚಿ ಮಡಚಿ ಒಳಗೆ ತುರುಕಿಕೊಂಡಿದ್ದ. ಅವನ ಬೆರಳುಗಳ ಮೇಲೆ ಎಲೆ ಗೀರಿದ ಕೆಂಪು ಗೆರೆಗಳಿದ್ದವು. ಮೂಗಮ್ಮ ನಕ್ಕುಬಿಟ್ಟಳು. ಇಷ್ಟು ದಿನ ಹೊಟ್ಟೆಗೆ ಕುಡಿದದ್ದು ಸಾಲದೆಂದು ಈಗ ಕಾಲಿಗೂ ಕಷಾಯವೋ ಎಂದು ಛೇಡಿಸಿದಳು. ಅವನೂ ನಕ್ಕ. ಮರುದಿನದಿಂದ ಅವಳೇ ಎಳೆಯ ಎಲೆ ಆರಿಸಿ, ಗೀರದಂತೆ ಅಂಚು ಮಡಚಿ ಅವನ ಕುರ್ಚಿಯ ಕೈಮೇಲೆ ಇಟ್ಟು ಹೋಗುತ್ತಿದ್ದಳು. ಮುದಿತನದಲ್ಲಿ ಗಂಡನಿಗೆ ತನ್ನ ಹುಲ್ಲಿನ ಮೇಲೆ ಪ್ರೀತಿ ಬಂತೆಂದು ಅವಳಿಗೆ ಖುಷಿಯಾಗಿತ್ತು.

ಪಕ್ಕದ ಮನೆಯಲ್ಲಿ ಇಸ್ತ್ರಿ ಮಾಡುವವಳಿದ್ದಳು. ಒಂದು ಬೆಳಿಗ್ಗೆ ಮಡಚಿದ ಬಟ್ಟೆ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತಳು.

“ಏನಕ್ಕಾ, ಒಳಗೆ ಏನೋ ಸತ್ತ ಹಾಗಿದೆ?”

ಮೂಗಮ್ಮ ಬಟ್ಟೆ ತೆಗೆದುಕೊಂಡಳು. ಏನೋ ನಾರುತ್ತಿದೆ, ಬೀದಿಗೇ ಗೊತ್ತಾಗುವಷ್ಟು ನಾರುತ್ತಿದೆ, ಅದು ಯಾವ ಕಡೆಯಿಂದ ಎಂದು ಕೇಳುವಂತಿಲ್ಲ. ಊರಿಗೆಲ್ಲ ಮೂಗಾದವಳು ವಾಸನೆಯ ದಿಕ್ಕು ಇನ್ನೊಬ್ಬರನ್ನು ಕೇಳುವುದುಂಟೇ?

“ಇಲಿ ಕಣೇ. ನಂಗೂ ನಿನ್ನೆಯಿಂದ ಹೊಡೀತಿದೆ. ಇವತ್ತು ಹುಡುಕಬೇಕು,” ಎಂದಳು.

ಒಳಗೆ ಕುರ್ಚಿಯಲ್ಲಿ ಕೂತಿದ್ದ ಗಂಡನಿಗೆ ಈ ಮಾತು ಕೇಳಿಸಿತು.

ಅವಳು ಹುಡುಕಿದ್ದು ಸುಳ್ಳಲ್ಲ. ಶೆಡ್ಡಿಗೆ ರಜೆ ಹಾಕಿ ಟ್ರಂಕು ಸರಿಸಿದಳು, ಅಕ್ಕಿ ಡಬ್ಬಿ ಎತ್ತಿದಳು, ಮೋರಿಗೆ ಬಿಸಿನೀರು ಸುರಿದಳು. ಇಲಿಯ ಹಿಕ್ಕೆ ಕೂಡ ಸಿಗಲಿಲ್ಲ. ಮೂರನೆಯ ದಿನ ಇಸ್ತ್ರಿಯವಳು ಇನ್ನೂ ಹೋಗಿಲ್ಲವಲ್ಲಕ್ಕಾ ಎಂದಳು. ಒಂದು ಸುಳ್ಳಿಗೆ ಹತ್ತು ಸುಳ್ಳು. ಆ ಸಂಜೆ ಅವಳು ಪಕ್ಕದ ಮನೆಗೆ ಕೇಳಿಸುವ ಹಾಗೆ ಗಂಡನಿಗೆ ಹೇಳಿದಳು:

“ಇಲಿ ಸಿಕ್ತು ರೀ. ಅಕ್ಕಿ ಡಬ್ಬಿ ಹಿಂದೆ ಸತ್ತಿತ್ತು. ಎಸೆದು ಬಂದೆ.”

ಗಂಡ ತುಂಬ ಹೊತ್ತು ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಅವಳ ಕೈ ಹುಡುಕಿ ಹಿಡಿದುಕೊಂಡು ‘ಹೂಂ’ ಎಂದ. ಒಂದು ಇಲಿಗೆ ಇಷ್ಟೇಕೆ ಎಂದು ಅವಳಿಗೆ ವಿಚಿತ್ರವೆನಿಸಿತು. ವಯಸ್ಸಾಗುತ್ತ ಗಂಡಸರ ಮನಸ್ಸು ಮೆತ್ತಗಾಗುತ್ತದೆ ಎಂದುಕೊಂಡು ಬೋಗುಣಿ ತರಲು ಎದ್ದಳು.

ಅದಾದ ಹನ್ನೆರಡನೆಯ ದಿನ ಭಾನುವಾರ ಮಗಳು ಬಂದಳು. ಬೇರೆ ಊರಿನಲ್ಲಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದವಳು, ಎರಡು ಮೂರು ತಿಂಗಳಿಗೊಮ್ಮೆ ಬರುವವಳು. ಒಳಗೆ ಕಾಲಿಟ್ಟವಳು ಮೂಗು ಮುಚ್ಚಿಕೊಂಡಳು. ಮೂಗಮ್ಮ ಇಲಿಯ ಕಥೆ ಶುರುಮಾಡುವಷ್ಟರಲ್ಲಿ ಮಗಳು ಬ್ಯಾಗು ಕೆಳಗಿಟ್ಟು, ನೆಟ್ಟಗೆ ಅಪ್ಪನ ಕುರ್ಚಿಯ ಮುಂದೆ ಹೋಗಿ ಕೂತು, ಅವನು ಬೇಡ ಬೇಡ ಎನ್ನುತ್ತಿದ್ದರೂ ಕಾಲುಚೀಲ ಎಳೆದಳು. ಪಾದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಆಣಿಯ ಅಂಚನ್ನು ಹೆಬ್ಬೆರಳಿಂದ ಒತ್ತಿದಾಗ ಅದು ಡಬ್ಬಿಯ ಮುಚ್ಚಳದ ಹಾಗೆ ಎದ್ದು ಬಂತು. ಕೆಳಗೆ ಪಾದವೇ ಇರಲಿಲ್ಲ, ಬರೀ ಕಪ್ಪು ಹಳ್ಳ. ಆಗ ಮೂಗಮ್ಮ ನೋಡಿದಳು. ಆಗಲೂ ಅದು ಬಂದದ್ದು ಅವಳ ಕಣ್ಣಿಗೆ ಮಾತ್ರ, ಮೂಗಿಗಲ್ಲ.

ಆಸ್ಪತ್ರೆಯ ಡಾಕ್ಟರು ಬಟ್ಟೆ ಸರಿಸಿ ನೋಡಿ, ಇದು ಶುರುವಾಗಿ ತಿಂಗಳ ಮೇಲಾಗಿದೆ ಎಂದರು. ವಿಷ ಮೊಣಕಾಲು ದಾಟಿದೆ, ಕಾಲು ತೆಗೆಯಲೇಬೇಕು, ತೆಗೆದ ಮೇಲೂ ಭರವಸೆ ಕೊಡಲಾರೆ ಎಂದರು. ಕೊನೆಗೆ ತಮಗೆ ತಾವೇ ಹೇಳಿಕೊಳ್ಳುವಂತೆ, ಮನೆಯಲ್ಲಿ ಯಾರಿಗೂ ವಾಸನೆ ಬರಲಿಲ್ಲವೇ ಎಂದು ಕೇಳಿದರು. ಮಗಳು ಅಮ್ಮನ ಮುಖ ನೋಡಿದಳು. ಮೂಗಮ್ಮ ನೆಲ ನೋಡಿದಳು. ಕಾಲಿಗೆ ಏನು ಮಾಡುತ್ತಿದ್ದಿರಿ ಎಂದು ನರ್ಸು ಕೇಳಿದ್ದಕ್ಕೆ, ದಿನಾ ಹುಲ್ಲಿನ ನೀರಲ್ಲಿ ನೆನೆಸುತ್ತಿದ್ದೆ ಎಂದಳು. ಇಂಥ ಕಾಲನ್ನು ನೆನೆಸಬಾರದು, ಚರ್ಮ ಮೆತ್ತಗಾಗಿ ಗಾಯಕ್ಕೆ ಬಾಗಿಲು ತೆಗೆದಂತಾಗುತ್ತದೆ ಎಂದು ನರ್ಸು ಹೇಳಿದಳು. ಬೈಯಲಿಲ್ಲ, ಬರೆದುಕೊಳ್ಳುತ್ತಾ ಹೇಳಿದಳು. ತಾನು ಗೇಲಿ ಮಾಡುತ್ತಿದ್ದ ಹಿತ್ತಲ ಗಿಡದ ಗಾದೆ ಅಕ್ಷರಕ್ಕೆ ಅಕ್ಷರ ತನ್ನ ಮೇಲೇ ಬಂದು ಕೂತದ್ದು ಮೂಗಮ್ಮನಿಗೆ ಆಗ ಹೊಳೆಯಿತು.

ಮರುದಿನ ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಮಗಳು ಯಾವುದೋ ಕಾಗದಕ್ಕೆ ಸಹಿ ಹಾಕಲು ಕೆಳಗೆ ಹೋಗಿದ್ದಳು. ವಾರ್ಡಿನಲ್ಲಿ ಎಂಟು ಮಂಚ, ಅವನದು ಕಿಟಕಿಯ ಪಕ್ಕದ್ದು. ಜ್ವರದಿಂದ ಅವನ ಮುಖ ಕೆಂಪಗಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. ಅವಳನ್ನು ಹತ್ತಿರ ಕರೆದ.

“ಒಂದ್ ಮಾತು ಹೇಳ್ಬೇಕಿತ್ತು. ನಂಗೆ ಗೊತ್ತಿತ್ತು ಕಣೇ. ಕಾಲು ಕೊಳೀತಿದೆ ಅಂತ ತಿಂಗಳಿಂದ ಗೊತ್ತಿತ್ತು. ನನ್ನ ವಾಸನೆ ನಂಗೇ ತಡ್ಕೊಳ್ಳಕ್ಕಾಗ್ತಿರ್ಲಿಲ್ಲ.”

“ಹೇಳ್ಬಾರದಿತ್ತೇನ್ರೀ?”

“ಹೇಳಿದ್ರೆ ಆಸ್ಪತ್ರೆ. ಆಸ್ಪತ್ರೆ ಅಂದ್ರೆ ಕಾಲು ತೆಗೀತಾರೆ. ನಮ್ಮ ಡಿಪೋದವನಿಗೆ ಹಂಗೇ ಆಯ್ತಲ್ಲ, ಕಾಲು ಹೋಯ್ತು, ವಾರಕ್ಕೆ ಅವನೂ ಹೋದ. ನಂಗೆ ಹೆದರಿಕೆ. ನಿಂಗೂ ಅದೇ ಹೆದರಿಕೆ, ಅದಕ್ಕೇ ಗೊತ್ತಿದ್ದೂ ಸುಮ್ನಿದ್ದಾಳೆ ಅಂದ್ಕೊಂಡೆ.” ಅವನು ಉಸಿರು ತೆಗೆದುಕೊಂಡ. “ದಿನಾ ನಿನ್ನ ಮುಖ ನೋಡ್ತಿದ್ದೆ. ಇವತ್ತು ಸಿಂಡರಿಸ್ತಾಳೆ, ಇವತ್ತು ಕಾಲು ದೂರ ತಳ್ತಾಳೆ ಅಂತ. ಅಂಥಾ ಮೂಗಿಟ್ಕೊಂಡು ಆ ಕಾಲನ್ನ ಮಡಿಲಲ್ಲಿಟ್ಟು ಚೆನ್ನಾಗಿದೆ ಅಂತಿದ್ದೆ. ಒಂದ್ ದಿನಾನೂ ಮೂಗು ಮುರೀಲಿಲ್ಲ ನೀನು. ಬೇರೆ ಯಾರಿಗೆ ಸಿಗುತ್ತೆ ಇದು?”

ಮೂಗಮ್ಮನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಕಾಲುಚೀಲ, ಎಲೆ, ನಗು, ಇಲಿ, ಕಣ್ಣಿನ ನೀರು. ಅವಳು ಮೊದಲೇ ತನಗೆ ವಾಸನೆ ಬರುವುದಿಲ್ಲ ಎಂದಿದ್ದರೆ ಇವನು ಅವಳ ಮುಖ ನೋಡುತ್ತಾ ಕೂರುತ್ತಿರಲಿಲ್ಲ. ಇವನು ನಾರುತ್ತಿದೆ ಎಂದಿದ್ದರೆ ಅವಳು ಇಲಿ ಹುಡುಕುತ್ತಿರಲಿಲ್ಲ. ತಮ್ಮ ತಮ್ಮ ಹೆದರಿಕೆಯನ್ನು ಒಬ್ಬರಿಗೊಬ್ಬರು ಹೇಳಲಾರದೆ ಇಬ್ಬರೂ ಸೇರಿ ಒಂದು ಕಾಲನ್ನು ಕೊಳೆಸಿದ್ದರು. ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಈ ಹೊಗಳಿಕೆಯನ್ನು ಹೊತ್ತುಕೊಂಡು ಅವನನ್ನು ಒಳಗೆ ಕಳಿಸುವುದು ಅವಳಿಂದ ಆಗಲಿಲ್ಲ.

“ನಂಗೆ ಮೂಗಿಲ್ಲ ರೀ,” ಎಂದಳು. “ಜ್ವರ ಬಂದಿತ್ತಲ್ಲ, ಆವತ್ತಿಂದ ಯಾವ ವಾಸನೇನೂ ಬರಲ್ಲ. ನಿಮ್ಮ ಕಾಲಿಂದೂ ಬರ್ಲಿಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ. ಗೊತ್ತಾಗಿದ್ರೆ ಆವತ್ತೇ ಕರ್ಕೊಂಡು ಬರ್ತಿದ್ದೆ, ನಿಮ್ಮಾಣೆ.”

ಅವನು ನಕ್ಕ. ಮದುವೆಯಾದ ಹೊಸತರಲ್ಲಿ ಅವಳ ಕಟ್ಟುಕಥೆಗಳಿಗೆ ನಗುತ್ತಿದ್ದ ಹಾಗೆಯೇ ನಕ್ಕ.

“ಅಕ್ಕಿ ಡಬ್ಬಿ ಹಿಂದೆ ಇಲಿ ಸಿಕ್ತು ಅಂದ್ಯಲ್ಲ, ಇದೂ ಅಂಥದ್ದೇ ಇಲಿ. ನನ್ನ ಮಾನ ಕಾಯೋಕೆ ಎಷ್ಟು ಇಲಿ ಹಿಡೀತೀಯೇ?”

ಅವಳು ಮತ್ತೆ ಹೇಳಿದಳು. ಮೂಟೆಯ ಬಿಸಿ ಹೇಳಿದಳು, ಕೆಂಪು ಬುಡ ಹೇಳಿದಳು, ಸೀಮೆಎಣ್ಣೆ ಹೇಳಿದಳು. ಅವನು ಅವಳ ಕೈ ತಟ್ಟುತ್ತಾ ಆಯ್ತು ಆಯ್ತು ಎಂದ, ಮಕ್ಕಳಿಗೆ ಹೇಳುವ ಹಾಗೆ. ಅಷ್ಟರಲ್ಲಿ ಗಾಲಿಮಂಚ ತಳ್ಳಿಕೊಂಡು ಇಬ್ಬರು ಬಂದರು. ಅವನನ್ನು ಎತ್ತಿ ಮಲಗಿಸುವಾಗ, ಒಂದು ದಿನವೂ ಮೂಗು ಮುರಿಯದವಳು ನನ್ನ ಹೆಂಡತಿ ಎಂದು ಆ ಇಬ್ಬರಿಗೂ ಹೇಳಿದ.

ಕಾಲು ತೆಗೆದರು. ವಿಷ ಅದಕ್ಕಿಂತ ಮೇಲೆ ಹೋಗಿತ್ತು. ಮೂರನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಅವನು ತೀರಿಕೊಂಡ. ನಡುವೆ ಒಮ್ಮೆಯೂ ಸರಿಯಾಗಿ ಎಚ್ಚರವಾಗಲಿಲ್ಲ, ಅವಳಿಗೆ ಇನ್ನೊಮ್ಮೆ ಹೇಳುವ ಅವಕಾಶ ಸಿಗಲಿಲ್ಲ.

ಅವನು ವಾರ್ಡಿನಲ್ಲಿ ಆಡಿದ ಮಾತು ಅವನಿಗಿಂತ ಮೊದಲೇ ಬೀದಿಗೆ ಬಂದು ತಲುಪಿತ್ತು. ಬಂದವರೆಲ್ಲ ಅದನ್ನೇ ಹೇಳಿದರು. ಅಂಥ ಸೂಕ್ಷ್ಮ ಮೂಗಿನವಳು, ಅಂಥ ಹುಣ್ಣಿನ ಕಾಲು, ಒಂದು ದಿನ ಮೂಗು ಮುರಿಯಲಿಲ್ಲ, ಹೆಂಡತಿ ಅಂದರೆ ಹೀಗಿರಬೇಕು. ಇಸ್ತ್ರಿಯವಳು ಇಲಿಯ ಸಂಗತಿ ಸೇರಿಸಿ ಹೇಳಿ ಅತ್ತಳು. ಶೆಡ್ಡಿನ ಯಜಮಾನ ಬಂದು, ಎಷ್ಟು ದಿನ ಬೇಕಾದರೂ ರಜೆ ತೆಗೆದುಕೊಳ್ಳಿ, ಸ್ಟೂಲಿನಲ್ಲಿ ಬೇರೆ ಯಾರನ್ನೂ ಕೂರಿಸಿಲ್ಲ ಎಂದ. ಮೂಗಮ್ಮ ಎಲ್ಲರಿಗೂ ತಲೆಯಾಡಿಸಿದಳು. ಹೊಸಬರು ಯಾರಾದರೂ ನೋಡಿದ್ದರೆ ಮಾತು ಬಾರದವಳೆಂದೇ ಅಂದುಕೊಳ್ಳುತ್ತಿದ್ದರು.

ಐದನೆಯ ದಿನ ಜನ ಕರಗಿದ ಮೇಲೆ ಮಗಳು ಮನೆ ತೊಳೆಯಲು ನಿಂತಳು. ಹಿತ್ತಲಿನಿಂದ ಒಂದು ಮಡಿಲು ಹುಲ್ಲು ಕೊಯ್ದು, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆ ನೀರಿನಿಂದ ಅಪ್ಪನ ಕುರ್ಚಿ ಇದ್ದ ಜಾಗವನ್ನು ಮಂಡಿಯೂರಿ ಉಜ್ಜಿದಳು. ಕುರ್ಚಿಯ ಕೆಳಗೆ ಒಂದು ಕಾಲುಚೀಲ ಸಿಕ್ಕಿತು. ಒಳಗೆ ಒಣಗಿದ ಎಲೆಗಳಿದ್ದವು, ಅಂಚು ಮಡಚಿದವು. ಅದನ್ನು ಅಮ್ಮನ ಕೈಗೆ ಕೊಟ್ಟಳು. ಮತ್ತೂ ಸ್ವಲ್ಪ ಹೊತ್ತು ಉಜ್ಜಿ ಬೆನ್ನು ನೆಟ್ಟಗೆ ಮಾಡಿದಳು.

“ಅಮ್ಮಾ, ಇನ್ನೂ ಇದೆಯಾ ನೋಡು. ನಂಗೆ ಮೂಗು ತುಂಬ ಹುಲ್ಲಿನ ವಾಸನೇನೇ ತುಂಬ್ಕೊಂಡು ಏನೂ ಗೊತ್ತಾಗ್ತಿಲ್ಲ. ನೀನೇ ಹೇಳು.”

‘ಹೋಗಿದೆ’ ಎಂದುಬಿಟ್ಟರೆ ಆಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ತಿಂಗಳುಗಟ್ಟಲೆ ಅಭ್ಯಾಸವಾದ ಸುಳ್ಳು. ಮೂಗಮ್ಮ ಕಾಲುಚೀಲವನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು. ಹುಲ್ಲೂ ಇರಲಿಲ್ಲ, ಗಂಡನೂ ಇರಲಿಲ್ಲ.

“ನಂಗೆ ಗೊತ್ತಾಗಲ್ಲ ಮಗಳೇ. ನಂಗೆ ವಾಸನೆ ಬರಲ್ಲ.”

“ಇವತ್ತಾ?”

“ಜ್ವರ ಬಂದಿತ್ತಲ್ಲ, ಆವಾಗಿಂದ.”

ಮಗಳು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಅವಳು ತಿಂಗಳುಗಳನ್ನು ಎಣಿಸುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಡಾಕ್ಟರು ಕೇಳಿದ ಪ್ರಶ್ನೆಯನ್ನು ತಲುಪಿದ್ದೂ ಕಾಣಿಸಿತು.

“ಮತ್ತೆ ಆ ಇಲಿ?”

“ಇಲಿ ಇರ್ಲಿಲ್ಲ.”

ಗಂಡನಿಗೆ ಆಣೆ ಹಾಕಿ ಹೇಳಿದಾಗ ಅವನು ನಂಬಲಿಲ್ಲ. ಮಗಳು ಆಣೆಯಿಲ್ಲದೆಯೇ ನಂಬಿದಳು. ಎದ್ದು ಬಕೆಟ್ಟು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಆ ನೀರನ್ನು ಹುಲ್ಲಿನ ಬುಡಕ್ಕೆ ಸುರಿದು ಬಂದಳು. ಅಮ್ಮನ ಪಕ್ಕದಿಂದಲೇ ಹಾದುಹೋಗಬೇಕಿತ್ತು, ಮುಖ ಆ ಕಡೆ ತಿರುಗಿಸಿಕೊಂಡು ಹೋದಳು. ಇನ್ನೂ ನಾಲ್ಕು ದಿನ ಇರುತ್ತೇನೆ ಎಂದಿದ್ದವಳು ಹಗ್ಗದ ಮೇಲಿನ ತನ್ನ ಬಟ್ಟೆಗಳನ್ನು ತೆಗೆದು, ಒಂದೊಂದಾಗಿ ಮಡಚಿ ಬ್ಯಾಗಿನಲ್ಲಿ ಇಡತೊಡಗಿದಳು. ಮೂಗಮ್ಮ ಕಾಲುಚೀಲ ಹಿಡಿದುಕೊಂಡು ನೋಡುತ್ತಿದ್ದಳು, ಇರು ಎಂದು ಹೇಳಲಿಲ್ಲ.